ಬ್ರಿಟಿಷ್ ತಮಾಷೆಯನ್ನು ಅಮೆರಿಕಕ್ಕೆ ಒಯ್ಯುವ ಮುನ್ನ

ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದವರಾಗಲಿ, ಅಲ್ಲಿ ಹತ್ತು ಹದಿನೈದು ವರ್ಷ ಇದ್ದು ಅಲ್ಲಿನ ಮಾತಿನ ವರಸೆ ಮೈಗೂಡಿಸಿಕೊಂಡವರಾಗಲಿ, ಕೆಲಸಕ್ಕಾಗಿ ಅಮೆರಿಕಕ್ಕೆ ಹೊರಟಾಗ ವೀಸಾ, ಮನೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ಎಲ್ಲದಕ್ಕೂ ಪಟ್ಟಿ ಮಾಡಿಕೊಳ್ಳುತ್ತಾರೆ. ಮಾತಿಗೆ ಮಾತ್ರ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. ಎರಡೂ ಕಡೆ ಇಂಗ್ಲಿಷೇ ತಾನೇ ಎಂಬ ಧೈರ್ಯ. ಹೋದ ಕೆಲವೇ ವಾರಗಳಲ್ಲಿ ಎಡವಟ್ಟು ಶುರುವಾಗುತ್ತದೆ. ಮೀಟಿಂಗಿನಲ್ಲಿ "ನನಗೆ ಇದರಲ್ಲಿ ತಲೆಬುಡ ಗೊತ್ತಿಲ್ಲ ಬಿಡಿ" ಎಂದು ನಗಿಸಲು ಹೋದರೆ ಯಾರೂ ನಗುವುದಿಲ್ಲ. ಸಂಜೆಗೆ ಮ್ಯಾನೇಜರ್ ಕರೆದು "ತರಬೇತಿ ಬೇಕಾಗಿದೆಯಾ?" ಎಂದು ನಿಜವಾದ ಕಾಳಜಿಯಿಂದ ಕೇಳುತ್ತಾರೆ. ಈ ಬರಹ ಅಂಥವರಿಗಾಗಿ. ಬ್ರಿಟಿಷ್ ಸಹೋದ್ಯೋಗಿ ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯದೆ ತಲೆ ಕೆರೆದುಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಬಿಡಬೇಕಾದ ನಂಬಿಕೆ

ಅಮೆರಿಕನ್ನರಿಗೆ ವ್ಯಂಗ್ಯ ಅರ್ಥವಾಗುವುದಿಲ್ಲ ಎಂಬ ಮಾತು ಬ್ರಿಟಿಷರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಸುಳ್ಳು. ಮಾರ್ಕ್ ಟ್ವೈನ್ ಹುಟ್ಟಿದ ನಾಡದು. ಇಲ್ಲದ ಸುದ್ದಿಯನ್ನು ಗಂಭೀರ ವರದಿಯ ಧಾಟಿಯಲ್ಲೇ ಬರೆದು ನಗಿಸುವ 'ದಿ ಆನಿಯನ್' ಪತ್ರಿಕೆ 1988ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಹುಟ್ಟಿಕೊಂಡಿತು. ಅವರಿಗೆ ವ್ಯಂಗ್ಯ ಚೆನ್ನಾಗಿಯೇ ತಿಳಿಯುತ್ತದೆ. ಬೇರೆಯಾಗಿರುವುದು ಹೊಣೆ ಯಾರದು ಎಂಬ ಲೆಕ್ಕ.

ಬ್ರಿಟನ್ನಿನಲ್ಲಿ ತಮಾಷೆ ಮಾಡುವವರು ಮುಖ ಬಿಗಿಹಿಡಿದು, ದನಿಯಲ್ಲಿ ಏರಿಳಿತವಿಲ್ಲದೆ ಹೇಳಿ ಸುಮ್ಮನಾಗುತ್ತಾರೆ. ಅದು ತಮಾಷೆ ಎಂದು ಪತ್ತೆ ಹಚ್ಚುವುದು ಕೇಳುವವರ ಕೆಲಸ. ಪತ್ತೆ ಹಚ್ಚಿದ್ದರಲ್ಲೇ ಅರ್ಧ ಖುಷಿಯಿದೆ. ಅಮೆರಿಕದಲ್ಲಿ ಅದನ್ನು ತಮಾಷೆಯೆಂದು ಗೊತ್ತುಮಾಡಿಸುವುದು ಹೇಳುವವರ ಕೆಲಸ. ನೂರು ಕಡೆಯಿಂದ ಬಂದವರು ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡುವ ದೇಶದಲ್ಲಿ, ಎದುರಿನವರಿಗೂ ನಮ್ಮಷ್ಟೇ ಹಿನ್ನೆಲೆ ಗೊತ್ತಿದೆ ಎಂದು ಯಾರೂ ಎಣಿಸುವುದಿಲ್ಲ. ಆದ್ದರಿಂದ ಆಡಿದ ಮಾತನ್ನು ಮೊದಲು ಮಾತಿನಂತೆಯೇ ಸ್ವೀಕರಿಸುತ್ತಾರೆ. ಇದು ಮರ್ಯಾದೆಯೇ ಹೊರತು ಮಂಕುತನ ಅಲ್ಲ. ಇನ್ನೊಂದು ವ್ಯತ್ಯಾಸವೂ ಇದೆ: ಬ್ರಿಟನ್ನಿನಲ್ಲಿ ಕೊಂಕು ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಮಾತಿನ ಒಳಗೂ ಹರಿಯುತ್ತಿರುತ್ತದೆ, ಅಂತ್ಯಸಂಸ್ಕಾರದಲ್ಲೂ ಇರುತ್ತದೆ. ಅಮೆರಿಕದಲ್ಲಿ ಅದಕ್ಕೆ ಹೊತ್ತುಗೊತ್ತು ಉಂಟು.

ತಮಾಷೆ ಮಾಡುವುದನ್ನೇ ಬಿಡಬೇಕಾಗಿಲ್ಲ. ಗುರುತು ಹಾಕಿ ಮಾಡಿದರೆ ಸಾಕು. ಹೇಳುವಾಗಲೇ ಕಣ್ಣಲ್ಲಿ, ತುಟಿಯಲ್ಲಿ ನಗು ಕಾಣಲಿ. ಉತ್ಪ್ರೇಕ್ಷೆ ಮಾಡುವುದಾದರೆ ನಂಬಲು ಸಾಧ್ಯವೇ ಇಲ್ಲದಷ್ಟು ದೊಡ್ಡದಾಗಿ ಮಾಡಿ. "ಈ ವರದಿ ಬರೆಯಲು ಒಂದು ತಿಂಗಳು ಹಿಡಿಯಿತು" ಎಂದರೆ ನಂಬಿಬಿಡುತ್ತಾರೆ. "ಇದನ್ನು ಬರೆಯಲು ಶುರುಮಾಡಿದಾಗ ಲಿಂಕನ್ ಅಧ್ಯಕ್ಷರಾಗಿದ್ದರು" ಎಂದರೆ ನಗುತ್ತಾರೆ. ಎರಡು ಸೆಕೆಂಡ್ ಮೌನವಾದರೆ ತಮಾಷೆ ದಾಟಿಲ್ಲ ಎಂದರ್ಥ. ಆಗ ಅದನ್ನೇ ಮತ್ತೊಮ್ಮೆ ಬಿಗಿದ ಮುಖದಲ್ಲಿ ಹೇಳಬೇಡಿ, ವಿವರಣೆಗೂ ಇಳಿಯಬೇಡಿ. "ತಮಾಷೆ ಮಾಡಿದೆ. ನಿಜ ಏನೆಂದರೆ..." ಎಂದು ವಿಷಯವನ್ನು ನೇರವಾಗಿ ಹೇಳಿ ಮುಂದುವರಿಯಿರಿ. ಈಮೇಲ್ ಮತ್ತು ಚಾಟ್‌ನಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ. ಅಲ್ಲಿ ಮೊದಲ ಮೂರು ನಾಲ್ಕು ತಿಂಗಳು ಕೊಂಕು ಮಾತು ಪೂರ್ತಿ ಕೈಬಿಡುವುದೇ ಒಳ್ಳೆಯದು.

ಕಡಿಮೆ ಹೇಳುವ ಚಾಳಿ

ಇದು ಎಲ್ಲಕ್ಕಿಂತ ದುಬಾರಿ ಬೀಳುವ ವಿಷಯ. ದೊಡ್ಡ ಅನಾಹುತವನ್ನು ಚಿಕ್ಕ ಮಾತಿನಲ್ಲಿ ಹೇಳುವುದು ಬ್ರಿಟಿಷರಿಗೆ ಧೀರತನದ ಲಕ್ಷಣ. ಗೋಳಾಡುವುದು ಅವರಿಗೆ ಅಸಹ್ಯ. ಕೊರಿಯಾ ಯುದ್ಧದಲ್ಲಿ ಇದು ಪ್ರಾಣದ ಪ್ರಶ್ನೆಯೇ ಆಯಿತು. 1951ರ ಏಪ್ರಿಲ್ 22ರಿಂದ 25ರವರೆಗೆ ಇಮ್ಜಿನ್ ನದಿಯ ದಂಡೆಯಲ್ಲಿ ಬ್ರಿಟಿಷ್ 29ನೇ ಬ್ರಿಗೇಡ್ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಚೀನೀ ಪಡೆಯನ್ನು ಎದುರಿಸುತ್ತಿತ್ತು. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ ಗುಡ್ಡದ ಮೇಲೆ ಪೂರ್ತಿ ಸುತ್ತುವರಿಯಲ್ಪಟ್ಟಿತ್ತು. ಆ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಧಿಕಾರಿಯಾಗಿದ್ದ ಅಮೆರಿಕನ್ ಮೇಜರ್ ಜನರಲ್ ರಾಬರ್ಟ್ ಸೌಲ್ ಅವರಿಗೆ ಪರಿಸ್ಥಿತಿಯನ್ನು ತಿಳಿಸಿದ್ದು "ಅಲ್ಲಿ ಸ್ವಲ್ಪ ಇಕ್ಕಟ್ಟಾಗಿದೆ" ಎಂಬರ್ಥದ ಮಾತಿನಲ್ಲಿ. ಬ್ರಿಟಿಷ್ ಕಿವಿಗೆ ಅದು "ಸರ್ವನಾಶದ ಅಂಚಿನಲ್ಲಿದ್ದೇವೆ" ಎಂದು ಕೇಳಿಸುತ್ತಿತ್ತು. ಅಮೆರಿಕನ್ ಅಧಿಕಾರಿಗೆ "ಕಷ್ಟವಿದೆ, ಆದರೆ ನಿಭಾಯಿಸುತ್ತಿದ್ದಾರೆ" ಎಂದು ಕೇಳಿಸಿತು. ಆ ಬೆಟಾಲಿಯನ್ನಿನ ಬಹುಪಾಲು ಸೈನಿಕರು ಸೆರೆಸಿಕ್ಕರು ಇಲ್ಲವೇ ಸತ್ತರು.

ಆಫೀಸಿನಲ್ಲಿ ಪ್ರಾಣ ಹೋಗುವುದಿಲ್ಲ, ಆದರೆ ಪ್ರಾಜೆಕ್ಟ್ ಹೋಗುತ್ತದೆ. ಅಮೆರಿಕನ್ ಮೇಲಧಿಕಾರಿಗೆ ತೊಂದರೆ ತಿಳಿಸುವಾಗ ನಾಲ್ಕು ಸಂಗತಿಗಳು ಮಾತಿನಲ್ಲಿ ಇರಲೇಬೇಕು: ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ, ಯಾವ ದಿನದೊಳಗೆ ಸರಿಯಾಗಬೇಕು, ಅವರಿಂದ ಏನು ಬೇಕು. "ಡೇಟಾ ವರ್ಗಾವಣೆಯಲ್ಲಿ ಸಣ್ಣ ತೊಡಕು ಎದುರಾಗಿದೆ" ಎಂದು ಬರೆದರೆ ಯಾರೂ ಕದಲುವುದಿಲ್ಲ. "ಡೇಟಾ ವರ್ಗಾವಣೆ ನಿಂತಿದೆ. ಬಿಡುಗಡೆ ಎರಡು ವಾರ ತಡವಾಗುತ್ತದೆ. ಶುಕ್ರವಾರದೊಳಗೆ ಇಬ್ಬರು ಎಂಜಿನಿಯರ್‌ಗಳನ್ನು ಕೊಟ್ಟರೆ ಒಂದು ವಾರ ಉಳಿಸಬಹುದು" ಎಂದು ಬರೆದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಬ್ರಿಟಿಷ್ ಮನಸ್ಸಿಗೆ ಇದು ಬೊಬ್ಬೆ ಹೊಡೆದಂತೆ ಅನಿಸಬಹುದು. ಅಲ್ಲಿ ಇದು ಶುದ್ಧ ವೃತ್ತಿಪರತೆ.

ಒಪ್ಪದಿರುವುದನ್ನು ಹೇಳುವಾಗಲೂ ಇದೇ ಪಾಡು. "ಇದು ಕುತೂಹಲಕಾರಿ ಯೋಚನೆ, ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ" ಎಂದು ಬ್ರಿಟಿಷ್ ವ್ಯಕ್ತಿ ಹೇಳಿದರೆ ಬೇಡ ಎಂದೇ ಅರ್ಥ. ಅಮೆರಿಕನ್ ಸಹೋದ್ಯೋಗಿ ಅದನ್ನು ಒಪ್ಪಿಗೆ ಎಂದುಕೊಂಡು ಮರುದಿನದಿಂದ ಕೆಲಸ ಶುರುಮಾಡುತ್ತಾರೆ. ಬೇಡವಾದರೆ "ನಾನು ಇದನ್ನು ಮಾಡುವುದಿಲ್ಲ, ಕಾರಣ ಇಂಥದ್ದು" ಎನ್ನಿ. ಇನ್ನು 'ಕ್ವೈಟ್ ಗುಡ್' ಎಂಬ ಮಾತನ್ನು ಅಮೆರಿಕದಲ್ಲಿ ಬಳಸದಿರುವುದೇ ವಾಸಿ. ಬ್ರಿಟಿಷರ ಬಾಯಲ್ಲಿ ಅದು "ಪರವಾಗಿಲ್ಲ", ಅಮೆರಿಕನ್ನರ ಕಿವಿಯಲ್ಲಿ "ಬಹಳ ಚೆನ್ನಾಗಿದೆ". ಮೀಟಿಂಗಿನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ ಎಂದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಮಾತಿನ ಮೇಲೆ ಎರಡೂ ದೇಶದ ಸೇನಾಧಿಕಾರಿಗಳು ಬಹಳ ಹೊತ್ತು ಜಗಳಾಡಿದ್ದನ್ನು, ಕೊನೆಗೆ ಇಬ್ಬರಿಗೂ ಬೇಕಿದ್ದುದು ಒಂದೇ ಎಂದು ಗೊತ್ತಾದದ್ದನ್ನು ಚರ್ಚಿಲ್ ಬರೆದಿಟ್ಟಿದ್ದಾರೆ.

ಅಮೆರಿಕನ್ನರ ಮಾತಿಗೂ ಒಳಅರ್ಥ ಇಲ್ಲದಿಲ್ಲ. ಅವರು ತಗ್ಗಿಸಿ ಹೇಳುವ ಬದಲು ಹೊಗಳಿಕೆಯ ನಡುವೆ ಇಟ್ಟು ಹೇಳುತ್ತಾರೆ. "ಅದ್ಭುತ ಕೆಲಸ! ಒಂದೇ ಒಂದು, ಮೂರನೇ ಭಾಗವನ್ನು ಇನ್ನೊಮ್ಮೆ ನೋಡಬಹುದೇನೋ. ಒಟ್ಟಾರೆ ಸೂಪರ್!" ಎಂದರೆ ಮೂರನೇ ಭಾಗವನ್ನು ಬದಲಿಸಿ ಎಂಬುದೇ ಅಲ್ಲಿನ ಆದೇಶ. ಮೊದಲ ಮತ್ತು ಕೊನೆಯ ವಾಕ್ಯ ಬರೀ ಉಪಚಾರ. ಬ್ರಿಟನ್ನಿನಿಂದ ಬಂದವರು ಅಷ್ಟು ಹೊಗಳಿಕೆ ಕೇಳಿ ಕರಗಿಹೋಗಿ ನಡುವಿನದನ್ನು ಮರೆಯುವುದುಂಟು.

ತನ್ನನ್ನೇ ಹಳಿದುಕೊಳ್ಳುವುದು

ತನ್ನನ್ನು ತಾನೇ ಕೆಳಗಿಳಿಸಿಕೊಂಡು ಮಾತಾಡುವುದು ಬ್ರಿಟಿಷರಿಗೆ ಸ್ನೇಹದ ಬಾಗಿಲು. ಎದುರಿನವರು ಕೂಡಲೇ "ಛೆ, ಹಾಗೇನಿಲ್ಲ" ಎನ್ನಬೇಕು ಎಂಬುದು ಅಲ್ಲಿನ ಅಲಿಖಿತ ಕರಾರು. ಅಮೆರಿಕದಲ್ಲಿ ಆ ಕರಾರಿಗೆ ಯಾರೂ ಸಹಿ ಹಾಕಿಲ್ಲ. ಕೆಲಸದ ಸಂದರ್ಶನದಲ್ಲಿ "ಆ ಪ್ರಾಜೆಕ್ಟಿನಲ್ಲಿ ನಾನೂ ಒಂದಷ್ಟು ಕೈಜೋಡಿಸಿದ್ದೆ" ಎಂದರೆ ಒಂದಷ್ಟೇ ಮಾಡಿದ್ದೀರಿ ಎಂದು ಬರೆದುಕೊಳ್ಳುತ್ತಾರೆ. ತಂಡ ನಡೆಸಿದ್ದು ನೀವಾದರೆ "ಎಂಟು ಜನರ ತಂಡ ನಡೆಸಿದೆ, ಹದಿನಾಲ್ಕು ತಿಂಗಳಲ್ಲಿ ಮುಗಿಸಿದೆವು" ಎಂದು ಹೇಳಬೇಕು. ಕ್ರಿಯಾಪದ, ಸಂಖ್ಯೆ, ಫಲಿತಾಂಶ: ಈ ಮೂರು ಇದ್ದರೆ ಜಂಬ ಅನಿಸುವುದಿಲ್ಲ, ಮಾಹಿತಿ ಅನಿಸುತ್ತದೆ. ವಾರ್ಷಿಕ ಮೌಲ್ಯಮಾಪನದ ಫಾರ್ಮಿನಲ್ಲೂ ಹೀಗೆಯೇ. ಅಲ್ಲಿ ವಿನಯಕ್ಕಾಗಿ ಅಂಕ ತಗ್ಗಿಸಿಕೊಂಡರೆ ಆ ಅಂಕವೇ ದಾಖಲೆಯಾಗುತ್ತದೆ.

ಯಾರಾದರೂ ನಿಮ್ಮ ಬಟ್ಟೆಯನ್ನೋ ಭಾಷಣವನ್ನೋ ಮೆಚ್ಚಿದರೆ "ಅಯ್ಯೋ ಇದು ಹಳೆಯದು" ಎನ್ನಬೇಡಿ. "ಥ್ಯಾಂಕ್ ಯೂ" ಸಾಕು. ಹೊಗಳಿಕೆಯನ್ನು ತಳ್ಳಿಹಾಕಿದರೆ ಹೊಗಳಿದವರ ಅಭಿರುಚಿಯನ್ನೇ ತಳ್ಳಿಹಾಕಿದಂತೆ ಅವರಿಗೆ ಅನಿಸುತ್ತದೆ.

'ದಿ ಆಫೀಸ್' ಎಂಬ ಟಿವಿ ಧಾರಾವಾಹಿಯ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಬ್ರಿಟಿಷ್ ಆವೃತ್ತಿ 2001ರಿಂದ 2003ರವರೆಗೆ ಬಂತು. 2005ರಲ್ಲಿ ಶುರುವಾದ ಅಮೆರಿಕನ್ ಆವೃತ್ತಿ ಮೊದಲ ಕಂತಿನಲ್ಲಿ ಮೂಲವನ್ನು ಬಹುತೇಕ ಹಾಗೆಯೇ ಅನುಸರಿಸಿತು. ಎರಡನೇ ಸೀಸನ್ನಿನಿಂದ, ನಗಿಸಲು ಹೋಗಿ ಎಲ್ಲರನ್ನೂ ಮುಜುಗರಕ್ಕೆ ತಳ್ಳುವ ಬಾಸ್ ಪಾತ್ರಕ್ಕೆ ಒಳ್ಳೆಯ ಮನಸ್ಸನ್ನು, ಆಗೊಂದು ಈಗೊಂದು ಗೆಲುವನ್ನು ಕೊಟ್ಟರು. ಅದು 2013ರವರೆಗೆ ಓಡಿತು. ಮುಜುಗರದ ಕೊನೆಗೆ ಒಂದಿಷ್ಟು ಬೆಚ್ಚನೆಯ ಭಾವ ಇರಬೇಕು ಎಂಬುದು ಅಮೆರಿಕನ್ ಪ್ರೇಕ್ಷಕರ ನಿರೀಕ್ಷೆ. ನಿಮ್ಮ ಮಾತಿಗೂ ಅದು ಅನ್ವಯಿಸುತ್ತದೆ. ಸೋಲಿನ ಕಥೆ ಹೇಳಿ ನಗಿಸಿ, ಆದರೆ ಅದರಿಂದ ಹೊರಬಂದದ್ದನ್ನೂ ಹೇಳಿ.

ಕಾಲೆಳೆಯುವಾಗ

ಗೆಳೆಯರನ್ನು ಬೈದು ಮುದ್ದಿಸುವುದು ಬ್ರಿಟಿಷ್ ಪಬ್ಬಿನ ಪದ್ಧತಿ. ಎಷ್ಟು ಹತ್ತಿರದವರೋ ಅಷ್ಟು ಕಟು ಮಾತು. ಪರಿಚಯವಾದ ಮೊದಲ ದಿನವೇ ಸಣ್ಣದಾಗಿ ಚುಚ್ಚಿ ನೋಡುವುದೂ ಉಂಟು, ತಿರುಗಿ ಚುಚ್ಚಿದರೆ ಸ್ನೇಹ ಕುದುರಿದಂತೆ. ಅಮೆರಿಕದಲ್ಲಿ ಕ್ರಮ ತಲೆಕೆಳಗು: ಸ್ನೇಹ ಮೊದಲು, ಚುಚ್ಚುಮಾತು ಆಮೇಲೆ. 'ರೋಸ್ಟ್' ಎಂಬ ಅವರ ಪದ್ಧತಿಯಲ್ಲಿ ಒಬ್ಬರನ್ನು ಕೂರಿಸಿ ಎಲ್ಲರೂ ಎಗ್ಗಿಲ್ಲದೆ ಬೈಯುತ್ತಾರೆ ನಿಜ. ಆದರೆ ಅದಕ್ಕೆ ಸಮಯ ಗೊತ್ತುಮಾಡಿರುತ್ತದೆ, ಬೈಸಿಕೊಳ್ಳುವವರ ಒಪ್ಪಿಗೆ ಇರುತ್ತದೆ, ಕೊನೆಗೆ ಹೊಗಳಿಯೇ ಮುಗಿಸುತ್ತಾರೆ. ಸೋಮವಾರ ಬೆಳಿಗ್ಗೆ ಹಜಾರದಲ್ಲಿ ಅದು ನಡೆಯುವುದಿಲ್ಲ.

ಪಾಲಿಸಬೇಕಾದದ್ದು ಇಷ್ಟು. ಅವರು ನಿಮ್ಮನ್ನು ಮೊದಲು ರೇಗಿಸುವವರೆಗೆ ನೀವು ರೇಗಿಸಬೇಡಿ. ರೇಗಿಸುವುದಾದರೆ ಅವರೇ ಆಯ್ಕೆ ಮಾಡಿಕೊಂಡ ವಿಷಯ ಹಿಡಿಯಿರಿ. ಅವರ ಬೇಸ್‌ಬಾಲ್ ತಂಡ ಸೋತಿದ್ದು, ಕಾಫಿಯ ಹುಚ್ಚು, ಇಂಥವು. ರೂಪ, ತೂಕ, ವಯಸ್ಸು, ಊರು, ಮನೆತನ, ಧರ್ಮ ಬೇಡ. ನಿಮಗಿಂತ ಕೆಳಗಿನ ಹುದ್ದೆಯವರನ್ನು ಎಂದೂ ಬೇಡ. ಇದು ಬರೀ ಶಿಷ್ಟಾಚಾರದ ಪ್ರಶ್ನೆಯಲ್ಲ. 1964ರ ನಾಗರಿಕ ಹಕ್ಕು ಕಾಯ್ದೆ ಉದ್ಯೋಗದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರಮೂಲದ ಆಧಾರದ ಭೇದವನ್ನು ನಿಷೇಧಿಸುತ್ತದೆ. 1967ರ ಇನ್ನೊಂದು ಕಾಯ್ದೆ 40 ತುಂಬಿದವರಿಗೆ ವಯಸ್ಸಿನ ಹೆಸರಿನ ಭೇದದಿಂದ ರಕ್ಷಣೆ ಕೊಡುತ್ತದೆ. "ಮುದುಕಪ್ಪ" ಎಂದು ಪದೇಪದೇ ಕರೆದ ತಮಾಷೆ ಎಚ್‌ಆರ್ ಕಡತದಲ್ಲಿ ಸಾಕ್ಷ್ಯವಾಗಬಹುದು. ಮೊಂಟಾನಾ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಕಾರಣ ಕೊಡದೆಯೂ ಕೆಲಸದಿಂದ ತೆಗೆಯಬಹುದು ಎಂಬುದನ್ನು ಮರೆಯಬೇಡಿ. ಕಂಪನಿಯ ವೀಸಾದ ಮೇಲೆ ಹೋದವರಿಗೆ ಕೆಲಸ ಹೋದರೆ ನೆಲೆಯೇ ಹೋಗುತ್ತದೆ.

ಬೈಗುಳದ ವಿಷಯ. ಬ್ರಿಟನ್ನಿನಲ್ಲಿ ಗಂಡಸರು ಗೆಳೆಯರನ್ನು ಪ್ರೀತಿಯಿಂದಲೇ ಕರೆಯುವ, ಹೆಣ್ಣಿನ ಅಂಗದ ಹೆಸರಿನ ಒಂದು ಪದ ಅಮೆರಿಕದಲ್ಲಿ ಹೆಣ್ಣುಮಕ್ಕಳ ಮೇಲಿನ ಅತಿ ಕೀಳು ನಿಂದೆ. ಅದನ್ನು ಯಾರ ಮುಂದೆಯೂ, ಯಾವ ಧಾಟಿಯಲ್ಲೂ ಬಳಸಬೇಡಿ.

ಮುಟ್ಟಬಾರದ ವಿಷಯಗಳು

ಸೈನಿಕರ ಬಗ್ಗೆ ಹಗುರ ಮಾತು ಬೇಡ. ನವೆಂಬರ್ 11 ಬ್ರಿಟನ್ನಿನಲ್ಲಿ ಸತ್ತವರನ್ನು ನೆನೆಯುವ ದಿನ. ಅಮೆರಿಕದಲ್ಲಿ ಅದೇ ದಿನ ಬದುಕಿರುವ ಮಾಜಿ ಸೈನಿಕರಿಗೆ ವಂದನೆ ಹೇಳುವ ದಿನ. ಮಡಿದವರ ಸ್ಮರಣೆ ಮೇ ತಿಂಗಳ ಕೊನೆಯ ಸೋಮವಾರ. ರಾಷ್ಟ್ರಗೀತೆ ಬಂದಾಗ ಎದ್ದು ನಿಲ್ಲಿ, ಎದೆ ಮೇಲೆ ಕೈ ಇಡುವುದು ಪರದೇಶದವರಿಗೆ ಕಡ್ಡಾಯವಲ್ಲ. ಶಾಲೆಯಲ್ಲಿ ಬೆಳಿಗ್ಗೆ ಧ್ವಜದ ಮುಂದೆ ಪ್ರತಿಜ್ಞೆ ಹೇಳಿಸುವುದನ್ನು ಕಂಡು ಬ್ರಿಟನ್ನಿನಿಂದ ಬಂದ ಪೋಷಕರು ಗಾಬರಿಯಾಗುತ್ತಾರೆ. ಯಾವ ಮಗುವಿನಿಂದಲೂ ಅದನ್ನು ಬಲವಂತವಾಗಿ ಹೇಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1943ರಲ್ಲೇ ತೀರ್ಪು ಕೊಟ್ಟಿದೆ. ಮಗು ಸುಮ್ಮನೆ ಗೌರವದಿಂದ ನಿಂತರೆ ಸಾಕು ಎಂದು ಟೀಚರ್‌ಗೆ ಒಂದು ಸಾಲು ಬರೆದು ತಿಳಿಸಿ.

ಬಂದೂಕು, ಶಾಲೆಗಳಲ್ಲಿ ನಡೆದ ಗುಂಡಿನ ದಾಳಿ, ಆಸ್ಪತ್ರೆ ಬಿಲ್ಲು, ರಜೆ. ಇವುಗಳ ಬಗ್ಗೆ ಬ್ರಿಟನ್ನಿನಲ್ಲಿ ಕೂತು ಅಮೆರಿಕವನ್ನು ಲೇವಡಿ ಮಾಡುವುದು ಸುಲಭ. ಎದುರಿಗಿರುವವರು ಬಿಲ್ಲು ಕಟ್ಟಲಾಗದೆ ಚಿಕಿತ್ಸೆ ಮುಂದೂಡಿದವರಿರಬಹುದು. ಬ್ರಿಟನ್ನಿನಲ್ಲಿ ವರ್ಷಕ್ಕೆ 5.6 ವಾರ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಖಾಸಗಿ ಕೆಲಸಗಾರರಿಗೆ ಅಂಥ ಒಂದು ದಿನವೂ ಇಲ್ಲ. ಹಾಗಿರುವಾಗ ನಿಮ್ಮ ರಜೆ ಕಡಿಮೆಯಾಯಿತೆಂಬ ಗೊಣಗಾಟ ಅವರಿಗೆ ತಮಾಷೆಯಾಗಿ ಕೇಳಿಸುವುದಿಲ್ಲ.

ವರ್ಗಭೇದದ ಹಾಸ್ಯ ಅಪಾಯವೇನಲ್ಲ, ನಿಷ್ಫಲ ಅಷ್ಟೇ. ಬ್ರಿಟಿಷ್ ನಗೆಯ ದೊಡ್ಡ ಪಾಲು ಯಾರ ಉಚ್ಚಾರ ಯಾವ ಶಾಲೆಯದು, ಯಾವ ಕೇರಿಯದು ಎಂಬುದರ ಮೇಲೆ ನಿಂತಿದೆ. ಬಹುಪಾಲು ಅಮೆರಿಕನ್ ಕಿವಿಗೆ ಎಸೆಕ್ಸ್ ಜಿಲ್ಲೆಯ ಸಾಮಾನ್ಯರ ಉಚ್ಚಾರ ಮತ್ತು ಸಿರಿವಂತರ ಶಾಲೆಯಾದ ಈಟನ್‌ನ ಉಚ್ಚಾರ ಎರಡೂ ಒಂದೇ ಸೊಗಸು.

ತಮಾಷೆಗೆ ಜಾಗವೇ ಇಲ್ಲದ ಕಡೆ

ಗಡಿಯಲ್ಲಿನ ಇಮಿಗ್ರೇಷನ್ ಅಧಿಕಾರಿ, ವಿಮಾನ ನಿಲ್ದಾಣದ ತಪಾಸಣೆ, ಪೊಲೀಸ್, ಅಪಘಾತದ ಸ್ಥಳ. ಈ ನಾಲ್ಕು ಕಡೆ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡಿ, ಸುಮ್ಮನಾಗಿ. 2012ರ ಜನವರಿಯಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗರನ್ನು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರು. ಅವರಲ್ಲೊಬ್ಬರು ಹೊರಡುವ ಮೊದಲು ಟ್ವಿಟರ್‌ನಲ್ಲಿ ಅಮೆರಿಕವನ್ನು ಧ್ವಂಸ ಮಾಡುತ್ತೇನೆ ಎಂದು ಬರೆದಿದ್ದರು. ಬ್ರಿಟಿಷ್ ಹುಡುಗರ ಆಡುಮಾತಿನಲ್ಲಿ ಅದಕ್ಕೆ ಮನಸೋಇಚ್ಛೆ ಪಾರ್ಟಿ ಮಾಡುತ್ತೇವೆ ಎಂದಷ್ಟೇ ಅರ್ಥ. 2019ರಿಂದ ಬಹುತೇಕ ವೀಸಾ ಅರ್ಜಿಗಳಲ್ಲಿ ಹಿಂದಿನ ಐದು ವರ್ಷ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೊಡಬೇಕಾಗಿದೆ. ಹೊರಡುವ ಮುನ್ನ ನಿಮ್ಮ ಹಳೆಯ ಪೋಸ್ಟ್‌ಗಳನ್ನು ಹಿನ್ನೆಲೆ ಗೊತ್ತಿಲ್ಲದವರ ಕಣ್ಣಿನಿಂದ ಒಮ್ಮೆ ಓದಿ.

ಪೊಲೀಸರು ಕಾರು ನಿಲ್ಲಿಸಿದರೆ ಇಳಿಯಬೇಡಿ. ಬ್ರಿಟನ್ನಿನಲ್ಲಿ ಇಳಿದು ಬಂದು ಮಾತಾಡಿದರೆ ಸಹಕಾರ ಅನಿಸಬಹುದು, ಅಮೆರಿಕದಲ್ಲಿ ಬೆದರಿಕೆ ಅನಿಸುತ್ತದೆ. ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಟ್ಟುಕೊಳ್ಳಿ. ಕಾಗದಪತ್ರಕ್ಕೆ ಕೈ ಹಾಕುವ ಮೊದಲು ಎಲ್ಲಿದೆ ಎಂದು ಹೇಳಿ. ಅಪಘಾತವಾದಾಗ ಬ್ರಿಟಿಷರ ಬಾಯಿಂದ ತಾನಾಗಿ ಬರುವ "ಸಾರಿ, ಸಾರಿ" ಅಲ್ಲಿ ತಪ್ಪೊಪ್ಪಿಗೆಯಂತೆ ದಾಖಲಾಗುವ ಸಾಧ್ಯತೆ ಇದೆ. "ನಿಮಗೆ ಪೆಟ್ಟಾಗಿದೆಯಾ?" ಎಂದು ಕೇಳಿ. ತಪ್ಪು ಯಾರದೆಂಬ ಮಾತು ಇನ್ಶೂರೆನ್ಸ್‌ನವರ ಮುಂದೆ ಆಗಲಿ.

ಹೋಟೆಲಿನಲ್ಲಿ, ನೆರೆಹೊರೆಯಲ್ಲಿ

ಟಿಪ್ಸ್ ವಿಷಯದಲ್ಲಿ ಬ್ರಿಟಿಷರಿಗೆ ಅಮೆರಿಕದಲ್ಲಿ ಕೆಟ್ಟ ಹೆಸರಿದೆ. ಮೇಜಿಗೆ ಬಡಿಸುವ ಹೋಟೆಲಿನಲ್ಲಿ ಬಿಲ್ಲಿನ 18ರಿಂದ 20 ಶೇಕಡಾ, ಬಾರಿನಲ್ಲಿ ಒಂದು ಗ್ಲಾಸಿಗೆ ಒಂದೆರಡು ಡಾಲರ್ ಬಿಡಬೇಕು. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಅವರಿಗೂ ಪೂರ್ತಿ ಕನಿಷ್ಠ ಕೂಲಿ ಉಂಟು. ಟಿಪ್ಸ್ ಪದ್ಧತಿಯೇ ಸರಿಯಿಲ್ಲ ಎಂಬ ನಿಮ್ಮ ವಾದ ಸರಿಯಿರಬಹುದು, ಅದಕ್ಕೆ ದಂಡ ತೆರುವವರು ಬಡಿಸಿದವರು.

ಎದುರಿಗೆ ಬಂದವರು "ಹೌ ಆರ್ ಯೂ?" ಎಂದರೆ "ಗುಡ್, ನೀವು?" ಎಂದು ನಡೆಯುತ್ತಲೇ ಹೇಳಿ. ಬ್ರಿಟಿಷ್ ಧಾಟಿಯಲ್ಲಿ "ಏನೋ, ದೂರುವಂತಿಲ್ಲ" ಎಂದರೆ ನಿಮಗೇನೋ ಕಷ್ಟ ಬಂದಿದೆ ಎಂದು ನಿಂತುಬಿಡುತ್ತಾರೆ. ಲಿಫ್ಟಿನಲ್ಲಿ, ಅಂಗಡಿಯ ಸಾಲಿನಲ್ಲಿ ಅಪರಿಚಿತರು ಮಾತಾಡಿಸಿದರೆ ಅದು ಅತಿಕ್ರಮ ಅಲ್ಲ, ಸೌಜನ್ಯ. ಎರಡು ವಾಕ್ಯದ ಉತ್ತರ ಕೊಟ್ಟು, ಒಂದು ಪ್ರಶ್ನೆ ತಿರುಗಿ ಕೇಳಿ. ಊಟಕ್ಕೆ ಸೇರೋಣ ಎಂದದ್ದಕ್ಕೆ ದಿನಾಂಕ ಇಲ್ಲದಿದ್ದರೆ ಅದು ಆಮಂತ್ರಣ ಅಲ್ಲ. ಈ ಒಂದು ವಿಷಯದಲ್ಲಿ ಎರಡೂ ದೇಶಗಳು ಒಂದೇ. ದಿನಾಂಕ ಬರೆದುಕೊಟ್ಟರೆ ತಿಂಗಳು ಮೊದಲು, ತಾರೀಖು ಆಮೇಲೆ ಎಂದು ಓದಿಕೊಳ್ಳಿ.

ಮೇಲಿನದೆಲ್ಲ ಇಡೀ ಅಮೆರಿಕಕ್ಕೆ ಒಂದೇ ಸಮ ಅನ್ವಯಿಸುವುದಿಲ್ಲ. ನ್ಯೂಯಾರ್ಕ್ ಮತ್ತು ಬಾಸ್ಟನ್ ಕಡೆ ಚುಚ್ಚುಮಾತಿಗೆ ಸಹನೆ ಹೆಚ್ಚು, ಬ್ರಿಟನ್ನಿನವರು ಅಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಮಿನ್ನೆಸೋಟದಲ್ಲಿ ಬ್ರಿಟಿಷರಷ್ಟೇ ತಗ್ಗಿಸಿ ಮಾತಾಡುತ್ತಾರೆ. ಒಂದು ಅಡುಗೆಯನ್ನು "ಬೇರೆ ಥರ ಇದೆ" ಎಂದರೆ ಇಷ್ಟವಾಗಲಿಲ್ಲ ಎಂದೇ. ದಕ್ಷಿಣದ ರಾಜ್ಯಗಳಲ್ಲಿ ಹೊಸ ನೆರೆಯವರು ಯಾವ ಚರ್ಚಿಗೆ ಹೋಗುತ್ತೀರಿ ಎಂದು ಕೇಳುವುದು ನಿಮ್ಮನ್ನು ಒಳಗೆ ಕರೆದುಕೊಳ್ಳುವ ಪ್ರಯತ್ನ. ಧರ್ಮದ ಬಗ್ಗೆ ಜೋಕ್ ಹೊಡೆಯದೆ "ಇನ್ನೂ ನೆಲೆಯೂರುತ್ತಿದ್ದೇವೆ, ಕೇಳಿದ್ದಕ್ಕೆ ಸಂತೋಷ" ಎಂದರೆ ಸಾಕು. ಅದೇ ಊರಲ್ಲಿ ನಿಮ್ಮ ಯಾವುದೋ ಮಾತಿಗೆ "ಬ್ಲೆಸ್ ಯುವರ್ ಹಾರ್ಟ್" ಎಂಬ ಉತ್ತರ ಬಂದರೆ ದನಿಯನ್ನು ಗಮನಿಸಿ ಕೇಳಿ. ಕೆಲವೊಮ್ಮೆ ಅದು ನಿಜವಾದ ಕನಿಕರ, ಕೆಲವೊಮ್ಮೆ ನೀವು ದಡ್ಡತನದ ಮಾತಾಡಿದಿರಿ ಎಂದು ಹೇಳುವ ನಯವಾದ ದಾರಿ.